ಊರಿಗೆಲ್ಲ ಗೊತ್ತು, ಮಗಳಿಗೆ ಮಾತ್ರ ಗೊತ್ತಿಲ್ಲ

ಹಾಸನದಲ್ಲಿ ಪ್ರೌಢಶಾಲೆ ಮಕ್ಕಳ ತಂದೆ-ತಾಯಂದಿರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ

ಎಲ್ಲರಿಗೂ ನಮಸ್ಕಾರ.

ನಮ್ಮ ಸೀಮೆಯಲ್ಲಿ ಹೆಣ್ಣುಮಗು ಮೈನೆರೆದರೆ ಏನೇನು ನಡೆಯುತ್ತದೆ ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಸೋದರಮಾವ ಗರಿ ತಂದು ಗುಡ್ಲು ಹಾಕುತ್ತಾನೆ. ಹಸೆ ಬರೆದು ಕೂರಿಸುತ್ತಾರೆ, ಆರತಿ ಎತ್ತುತ್ತಾರೆ, ಸೋಬಾನೆ ಹೇಳುತ್ತಾರೆ. ಎಳ್ಳು ಬೆಲ್ಲ ಕುಟ್ಟಿದ ಚಿಗಳಿ, ಕೊಬ್ಬರಿ, ತುಪ್ಪ ತಿನ್ನಿಸುತ್ತಾರೆ. ಅನುಕೂಲ ಇದ್ದವರು ಶಾಮಿಯಾನ ಹಾಕಿ ಊಟವನ್ನೂ ಹಾಕಿಸುತ್ತಾರೆ. ಬೀದಿಗೆಲ್ಲ ಗೊತ್ತಾಗುತ್ತದೆ, ನೆಂಟರಿಷ್ಟರಿಗೆಲ್ಲ ಗೊತ್ತಾಗುತ್ತದೆ. ಆ ಹಸೆಯ ಮೇಲೆ ಕೂತ ಹುಡುಗಿಯನ್ನು ಕೇಳಿ ನೋಡಿ. ರಕ್ತ ಎಲ್ಲಿಂದ ಬಂತು, ಯಾಕೆ ಬಂತು, ಎಷ್ಟು ದಿನ ಇರುತ್ತದೆ, ಮುಂದಿನ ತಿಂಗಳು ಮತ್ತೆ ಬರುತ್ತದಾ? ಬಹಳಷ್ಟು ಮಕ್ಕಳಿಗೆ ಉತ್ತರ ಗೊತ್ತಿರುವುದಿಲ್ಲ. ಅವಳಿಗೆ ತಲುಪಿರುವುದು ಎರಡೇ ಮಾತು: ಅದನ್ನು ಇದನ್ನು ಮುಟ್ಟಬೇಡ, ಇನ್ನು ಮೇಲೆ ಹುಡುಗರ ಜೊತೆ ಆಡಬೇಡ.

ಆದ್ದರಿಂದ "ಇದನ್ನೆಲ್ಲ ಮಾತಾಡೋದು ನಮ್ಮ ಸಂಸ್ಕೃತಿಯಲ್ಲ" ಎಂದು ಯಾರಾದರೂ ಹೇಳಿದರೆ ನನಗೆ ಒಪ್ಪಿಕೊಳ್ಳುವುದು ಕಷ್ಟ. ಕೊಟ್ಟಿಗೆ ಇರುವ ಮನೆಯಲ್ಲಿ ಹತ್ತು ವರ್ಷದ ಹುಡುಗನಿಗೇ ಹೇಳಿ ಕಳಿಸುತ್ತೇವೆ, "ಹಸು ಬೆದೆಗೆ ಬಂದಿದೆ, ಡಾಕ್ಟ್ರಿಗೆ ಫೋನ್ ಮಾಡು" ಅಂತ. ಇಪ್ಪತ್ತೊಂದು ದಿನದ ಲೆಕ್ಕ ಅವನಿಗೆ ಗೊತ್ತು, ಬೆಳಿಗ್ಗೆ ಬೆದೆ ಕಂಡರೆ ಸಂಜೆ ಕೃತಕ ಗರ್ಭಧಾರಣೆ ಮಾಡಿಸಬೇಕು ಎನ್ನುವುದೂ ಗೊತ್ತು. ಕರು ಹಾಕುವಾಗ ಲಾಟೀನು ಹಿಡಿದು ನಿಂತವನೂ ಅವನೇ. ಸಕಲೇಶಪುರ, ಮೂಡಿಗೆರೆ ಕಡೆಯ ಮಕ್ಕಳಿಗೆ ಹೂಮಳೆ ಬಿದ್ದು ಕಾಫಿ ಹೂ ಅರಳಿದಾಗ ರೊಬಸ್ಟಾಕ್ಕೆ ಬೇರೆ ಗಿಡದ ಪರಾಗವೇ ಬೇಕು, ಅರೇಬಿಕಾಕ್ಕೆ ತನ್ನದೇ ಸಾಕು ಎಂದು ತೋಟದಲ್ಲೇ ತಿಳಿದುಹೋಗುತ್ತದೆ. ಶ್ರವಣಬೆಳಗೊಳದ ಬೆಟ್ಟದ ಮೇಲೆ ಮಗು "ದೇವ್ರಿಗೆ ಬಟ್ಟೆ ಯಾಕಿಲ್ಲ?" ಎಂದು ಕೇಳಿದರೆ ನಾವು ಗಾಬರಿಯಾಗುವುದಿಲ್ಲ, ಎಲ್ಲವನ್ನೂ ಬಿಟ್ಟವರು ಅವರು ಎಂದು ನೆಮ್ಮದಿಯಾಗಿ ಹೇಳುತ್ತೇವೆ. ಮಾತು ನಮ್ಮಲ್ಲಿದೆ. ಹಸುವಿನ ವಿಷಯದಿಂದ ನಮ್ಮ ಮಗುವಿನ ವಿಷಯಕ್ಕೆ ಬಂದ ಕೂಡಲೇ ಆ ಮಾತು ಗಂಟಲಲ್ಲಿ ನಿಂತುಬಿಡುತ್ತದೆ.

ಅರ್ಧ ತೊಂದರೆ ಹೆಸರಿನದು. "ಲೈಂಗಿಕ ಶಿಕ್ಷಣ" ಎಂದ ತಕ್ಷಣ ಅಪ್ಪ-ಅಮ್ಮನ ಕಿವಿಗೆ ಬೀಳುವುದು "ಲೈಂಗಿಕ ಕ್ರಿಯೆಯನ್ನು ಕಲಿಸುವುದು" ಎಂದು. 2005ರ ಹೊತ್ತಿಗೆ ಕೇಂದ್ರ ಸರ್ಕಾರ ಶಾಲೆಗಳಿಗೆ ಹದಿಹರೆಯದ ಶಿಕ್ಷಣ ಕಾರ್ಯಕ್ರಮ ತಂದಿತ್ತು. 2007ರಲ್ಲಿ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಅದನ್ನು ತಡೆಹಿಡಿದವು, ಮಕ್ಕಳಿಗೆ ತಕ್ಕುದಲ್ಲ ಎಂಬ ಕಾರಣಕ್ಕೆ. ಆದರೆ ಒಳಗೇನಿದೆ ಎಂದು ಒಂದೊಂದಾಗಿ ಮುಂದಿಟ್ಟು ನೋಡಿ. ಮುಟ್ಟಿನ ಬಗ್ಗೆ ಹೇಳಬೇಕಾ? ಬೇಕು. ಯಾರಾದರೂ ಕೆಟ್ಟದಾಗಿ ಮುಟ್ಟಿದರೆ ಏನು ಮಾಡಬೇಕೆಂದು? ಖಂಡಿತ ಬೇಕು. ಎಚ್‌ಐವಿ ಹೇಗೆ ಹರಡುತ್ತದೆ? ಬೇಕು. ಮೊಬೈಲಿನಲ್ಲಿ ಫೋಟೊ ಕಳಿಸಿ ಬ್ಲ್ಯಾಕ್‌ಮೇಲ್ ಮಾಡಿದರೆ? ಅದೇ ಮೊದಲು ಬೇಕು. ಬೇಡ ಎಂದು ತಲೆ ಅಲ್ಲಾಡಿಸಿದ ಅಪ್ಪ-ಅಮ್ಮನೂ ಇವುಗಳಲ್ಲಿ ಮುಕ್ಕಾಲು ಪಾಲಿಗೆ ಹೂಂ ಅನ್ನುತ್ತಾರೆ. ಆದ್ದರಿಂದ ಶಾಲೆಯವರಿಗೆ ನನ್ನ ವಿನಂತಿ: ಪೋಷಕರ ಸಭೆಯಲ್ಲಿ "ಲೈಂಗಿಕ ಶಿಕ್ಷಣ ಬೇಕೋ ಬೇಡವೋ" ಎಂದು ಕೈ ಎತ್ತಿಸಬೇಡಿ. ಪಾಠದ ಪಟ್ಟಿಯನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು ಕೈಗೆ ಕೊಡಿ. ತೋರಿಸುವ ಚಿತ್ರಗಳನ್ನು ಮೊದಲು ಅವರಿಗೇ ತೋರಿಸಿ. ನೋಡಿದ ಮೇಲೆ ಜಗಳ ಕಡಿಮೆಯಾಗುತ್ತದೆ.

ಅಪ್ಪ-ಅಮ್ಮನ ಹೆದರಿಕೆಯನ್ನು ಹಗುರವಾಗಿ ಕಾಣುವವಳು ನಾನಲ್ಲ. "ಹೇಳ್ಕೊಟ್ರೆ ಮಾಡೇಬಿಡ್ತಾರೆ" ಎನ್ನುವುದು ಮೊದಲ ಹೆದರಿಕೆ. ಯುನೆಸ್ಕೊ 2009ರಲ್ಲಿ ಒಂದು ಮಾರ್ಗಸೂಚಿ ಹೊರತಂದು, 2018ರಲ್ಲಿ ಪರಿಷ್ಕರಿಸಿತು. ಅದಕ್ಕಾಗಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಇಂಥ ಶಿಕ್ಷಣ ಪಡೆದ ಮಕ್ಕಳು ಬೇಗ ಲೈಂಗಿಕ ಸಂಬಂಧಕ್ಕೆ ಇಳಿಯಲಿಲ್ಲ, ಕೆಲವು ಕಡೆ ತಡವಾಯಿತು. "ಮದುವೆವರೆಗೂ ಬೇಡ" ಎಂದು ಅಷ್ಟನ್ನೇ ಹೇಳಿದ ಕಾರ್ಯಕ್ರಮಗಳಿಂದ ಅಂಥ ಫಲ ಬರಲಿಲ್ಲ. ಎರಡನೆಯದು, "ನಮಗ್ಯಾರು ಹೇಳ್ಕೊಟ್ಟಿದ್ರು? ನಾವು ಮಕ್ಳುಮರಿ ಮಾಡ್ಕೊಂಡಿಲ್ವಾ?" ಹಳೆಯ ಮನೆಯಲ್ಲಿ ಅಜ್ಜಿ ಇದ್ದರು, ಚಿಕ್ಕಮ್ಮ ಇದ್ದರು, ಬಾಣಂತನಕ್ಕೆ ಬಂದ ಅಕ್ಕ ಇದ್ದಳು. ಅರ್ಧಂಬರ್ಧವಾದರೂ ಯಾರೋ ಒಬ್ಬರು ಹೇಳುತ್ತಿದ್ದರು. ಮೈನೆರೆಯುವುದಕ್ಕೂ ಮದುವೆಗೂ ನಡುವೆ ಹೆಚ್ಚು ವರ್ಷ ಇರುತ್ತಿರಲಿಲ್ಲ. ಈಗ ಹನ್ನೆರಡಕ್ಕೆ ಮೈನೆರೆದ ಹುಡುಗಿ ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರಿ ಮದುವೆಯಾಗುವಾಗ ಇಪ್ಪತ್ತನಾಲ್ಕು. ಆ ಹನ್ನೆರಡು ವರ್ಷ ಅವಳ ಪಕ್ಕದಲ್ಲಿ ಚಿಕ್ಕಮ್ಮ ಇಲ್ಲ, ಮೊಬೈಲ್ ಇದೆ.

ಮೂರನೆಯದು ಹೆದರಿಕೆಗಿಂತ ಹೆಚ್ಚಾಗಿ ಜಾರಿಕೊಳ್ಳುವ ದಾರಿ: "ಸ್ಕೂಲಲ್ಲೇ ಹೇಳ್ಕೊಡ್ತಾರೆ ಬಿಡಿ." ನಮ್ಮ ರಾಜ್ಯದ ಪಠ್ಯದಲ್ಲಿ ಎಂಟನೇ ತರಗತಿಯ ವಿಜ್ಞಾನದಲ್ಲಿ ಹದಿಹರೆಯದ ಪಾಠವಿದೆ, ಹತ್ತನೆಯದರಲ್ಲಿ ಸಂತಾನೋತ್ಪತ್ತಿಯ ಪಾಠವಿದೆ. ಎಂಟನೇ ತರಗತಿಗೆ ಬರುವಾಗ ಮಗುವಿಗೆ ಹದಿಮೂರು. ತರಗತಿಯ ಎಷ್ಟೋ ಹೆಣ್ಣುಮಕ್ಕಳಿಗೆ ಅಷ್ಟರಲ್ಲೇ ಮುಟ್ಟು ಶುರುವಾಗಿರುತ್ತದೆ. ಪಾಠ ಬಂದಾಗ ಮೇಷ್ಟ್ರು "ಇದನ್ನು ಮನೆಯಲ್ಲಿ ಓದಿಕೊಳ್ಳಿ" ಎನ್ನುತ್ತಾರೆ. ಮೇಷ್ಟ್ರಿಗೆ ಪೋಷಕರ ಭಯ, ಪೋಷಕರಿಗೆ ಮೇಷ್ಟ್ರ ಮೇಲೆ ಭರವಸೆ, ನಡುವೆ ಮಗು ಖಾಲಿ ಕೈ. 2020ರಲ್ಲಿ ಶುರುವಾದ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಪ್ರತಿ ಶಾಲೆಯಿಂದ ಇಬ್ಬರು ಶಿಕ್ಷಕರಿಗೆ ಇದಕ್ಕೆಂದೇ ತರಬೇತಿ ಕೊಡಬೇಕು ಎಂದಿದೆ; ಸಾಧ್ಯವಾದಷ್ಟು ಮಟ್ಟಿಗೆ ಒಬ್ಬರು ಮೇಷ್ಟ್ರು, ಒಬ್ಬರು ಟೀಚರಮ್ಮ. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಎರಡೇ ಪ್ರಶ್ನೆ ಕೇಳಿ: ನಮ್ಮ ಶಾಲೆಯಲ್ಲಿ ಆ ಇಬ್ಬರು ಯಾರು? ಈ ವರ್ಷ ಎಷ್ಟು ತರಗತಿ ತೆಗೆದುಕೊಂಡಿದ್ದಾರೆ? ಪೋಷಕರೇ ಕೇಳಿದರೆ ಮೇಷ್ಟ್ರ ಭಯ ಅರ್ಧ ಇಳಿಯುತ್ತದೆ.

ಈಗ ಮನೆಯಲ್ಲಿ ಹೇಳುವ ಬಗೆ. ಯಾವಾಗ ಹೇಳಬೇಕು ಎಂಬ ಪ್ರಶ್ನೆಗೆ ವಯಸ್ಸಿಗಿಂತ ಒಳ್ಳೆಯ ಗುರುತು ಮೈಯಲ್ಲೇ ಇದೆ. ಹೆಣ್ಣುಮಗುವಿಗೆ ಎಂಟರಿಂದ ಹದಿಮೂರರ ನಡುವೆ ಎದೆಯಲ್ಲಿ ಗೋಲಿಯಂಥ ಗಂಟು ಕಾಣಿಸಿಕೊಳ್ಳುತ್ತದೆ, ಮುಟ್ಟಿದರೆ ನೋಯುತ್ತದೆ. ಎಷ್ಟೋ ಸಲ ಮೊದಲು ಒಂದೇ ಕಡೆ ಬರುತ್ತದೆ, ಹುಡುಗಿ ಕ್ಯಾನ್ಸರ್ ಅಂದುಕೊಂಡು ಒಳಗೊಳಗೇ ಅಳುತ್ತಾಳೆ. ಆ ಗಂಟು ಕಂಡ ಮೇಲೆ ಮೊದಲ ಮುಟ್ಟಿಗೆ ಸಾಮಾನ್ಯವಾಗಿ ಎರಡು ವರ್ಷದಷ್ಟು ಸಮಯವಿರುತ್ತದೆ. ತಾಯಿಗೆ ಸಿಕ್ಕ ಗಡುವು ಅದು. ಎಂಟು ವರ್ಷಕ್ಕೆ ಮೊದಲೇ ಕಂಡರೆ, ಹದಿಮೂರಾದರೂ ಕಾಣದಿದ್ದರೆ, ಅಥವಾ ಹದಿನೈದಾದರೂ ಮುಟ್ಟಾಗದಿದ್ದರೆ ವೈದ್ಯರಿಗೆ ತೋರಿಸಬೇಕು. ಹರಕೆ ಹೊತ್ತು ಕಾಯುತ್ತಾ ಕೂರುವ ವಿಷಯವಲ್ಲ.

ಏನು ಹೇಳುವುದು? ಇಷ್ಟು ಸಾಕು: "ಹೊಟ್ಟೆಯ ಕೆಳಗೆ ಗರ್ಭಕೋಶ ಅಂತ ಒಂದು ಚೀಲ ಇದೆ ಪುಟ್ಟಿ. ತಿಂಗಳಿಗೊಂದು ಸಲ ಅದರ ಒಳಗೆ ಮೆತ್ತನೆಯ ಪದರ ಬೆಳೆಯುತ್ತೆ. ಮಗು ಬರದೇ ಇದ್ದರೆ ಆ ಪದರ ಕರಗಿ ರಕ್ತದ ಜೊತೆ ಹೊರಗೆ ಬರುತ್ತೆ. ಗಾಯ ಅಲ್ಲ, ರೋಗ ಅಲ್ಲ, ಹೊಲಸೂ ಅಲ್ಲ." ಆಮೇಲೆ ಲೆಕ್ಕ ಹೇಳಿ. ಒಂದು ಸಲದ ಮುಟ್ಟಿನಲ್ಲಿ ಒಟ್ಟು ಹೋಗುವ ರಕ್ತ ಸಾಮಾನ್ಯವಾಗಿ 30ರಿಂದ 40 ಮಿಲಿ, ಅಂದರೆ ಆರರಿಂದ ಎಂಟು ಟೀ ಚಮಚ. ನೋಡಿದರೆ ಬಹಳ ಅನ್ನಿಸುತ್ತದೆ, ಅಷ್ಟಿರುವುದಿಲ್ಲ. ಎರಡರಿಂದ ಏಳು ದಿನ ಇರಬಹುದು. ಮೊದಲ ಎರಡು ಮೂರು ವರ್ಷ 21ರಿಂದ 45 ದಿನಗಳ ನಡುವೆ ಯಾವಾಗ ಬೇಕಾದರೂ ಬರಬಹುದು. ಕ್ಯಾಲೆಂಡರಿನಲ್ಲಿ ಚುಕ್ಕಿ ಇಡುವುದನ್ನು ಅವಳಿಗೇ ಕಲಿಸಿ. ಪ್ಯಾಡನ್ನು ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಬೇಕು, ತುಂಬಿಲ್ಲದಿದ್ದರೂ. ಗಂಟೆಗೊಂದು ಪ್ಯಾಡು ಪೂರ್ತಿ ನೆನೆಯುತ್ತಿದ್ದರೆ, ಏಳು ದಿನ ದಾಟಿದರೆ, ನೋವಿಗೆ ಶಾಲೆ ತಪ್ಪುವಂತಾದರೆ ಆಸ್ಪತ್ರೆಗೆ ಹೋಗಬೇಕು. ಬಟ್ಟೆ ಬಳಸುವವರು ಹತ್ತಿಯದೇ ಬಳಸಿ. ಮೊದಲು ತಣ್ಣೀರಿನಲ್ಲಿ ನೆನೆಸಿ, ಆಮೇಲೆ ಸೋಪು ಹಾಕಿ ಒಗೆದು, ಬಿಸಿಲಿನಲ್ಲಿ ಬಿಚ್ಚಿ ಹರವಿ. ತಪ್ಪಾಗುವುದು ಇಲ್ಲೇ: ಗಂಡಸರ ಕಣ್ಣಿಗೆ ಬೀಳಬಾರದೆಂದು ಸೀರೆಯ ಅಡಿಯಲ್ಲೋ ಬಚ್ಚಲಿನ ಮೂಲೆಯಲ್ಲೋ ಒಣಗಿಸುತ್ತಾರೆ. ಮಲೆನಾಡಿನ ಮಳೆಗಾಲದಲ್ಲಿ ಅದು ಒಣಗುವುದೇ ಇಲ್ಲ. ಒದ್ದೆ ಬಟ್ಟೆಯಿಂದ ತುರಿಕೆ, ಬಿಳಿಸೆರಗು, ಸೋಂಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಾದರೂ ಪ್ಯಾಡು ಬಳಸುವುದು ಮೇಲು. ಸರ್ಕಾರದ ಶುಚಿ ಯೋಜನೆಯಲ್ಲಿ ಹದಿಹರೆಯದ ಹೆಣ್ಣುಮಕ್ಕಳಿಗೆ ಪ್ಯಾಡು ಉಚಿತ. ಶಾಲೆಯಲ್ಲಿ ಅಥವಾ ಆಶಾ ಕಾರ್ಯಕರ್ತೆಯ ಹತ್ತಿರ ವಿಚಾರಿಸಿ.

ಇದರ ಜೊತೆ ಇನ್ನೊಂದು ಮಾತು. ಹಬ್ಬ, ಗೃಹಪ್ರವೇಶ, ಧರ್ಮಸ್ಥಳದ ಯಾತ್ರೆ ಬಂತೆಂದರೆ ಮೆಡಿಕಲ್ ಶಾಪಿನಿಂದ ಮುಟ್ಟು ಮುಂದಕ್ಕೆ ಹಾಕುವ ಮಾತ್ರೆ ತಂದು ಮಗಳಿಗೆ ನುಂಗಿಸುತ್ತೇವೆ. ಅದು ನೊರೆಥಿಸ್ಟೆರಾನ್ ಎಂಬ ಹಾರ್ಮೋನು. ವೈದ್ಯರು ನೋಡದೆ ಕೊಡುವ ಮಾತ್ರೆ ಅದಲ್ಲ. ಹಾರ್ಮೋನು ಅಂದರೇನು ಎಂದು ಹೇಳಲು ನಾಚಿ, ಹಾರ್ಮೋನನ್ನೇ ಅವಳ ಬಾಯಿಗೆ ಹಾಕುವುದು ನನಗೆ ಬಹಳ ನೋವಿನ ಸಂಗತಿ. ಹಾಗೆಯೇ ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಕಬ್ಬಿಣದ ಮಾತ್ರೆ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ ಇರುತ್ತದೆ, ಗಂಡುಮಕ್ಕಳಿಗೂ ಕೊಡುತ್ತಾರೆ. ಅದು ಗರ್ಭ ನಿಲ್ಲದಂತೆ ಮಾಡುವ ಮಾತ್ರೆ ಅಂತ ಗಾಳಿಮಾತು ಕೇಳಿ ಬಿಸಾಡಿಸಬೇಡಿ. ಊಟವಾದ ಮೇಲೆ ನುಂಗಬೇಕು, ಮಲ ಕಪ್ಪಗಾಗುತ್ತದೆ, ಗಾಬರಿ ಬೇಡ. ಕಾಫಿ ನಾಡಿನವರಿಗೆ ವಿಶೇಷವಾಗಿ: ಮಾತ್ರೆಯ ಹಿಂದು ಮುಂದೆ ಒಂದು ಗಂಟೆ ಕಾಫಿ ಟೀ ಬೇಡ. ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ.

ಆರನೇ ತರಗತಿಗೆ ಮೊರಾರ್ಜಿ ಶಾಲೆಗೋ ಹಾಸ್ಟೆಲಿಗೋ ಸೇರಿಸುವವರು ಇದನ್ನು ಬರೆದಿಟ್ಟುಕೊಳ್ಳಿ. ಮಗಳಿಗೆ ಆಗ ಹನ್ನೊಂದು. ಮೊದಲ ಮುಟ್ಟು ನಿಮ್ಮ ಕಣ್ಣ ಮುಂದೆ ಆಗುವುದಿಲ್ಲ. ಟ್ರಂಕಿನಲ್ಲಿ ಒಂದು ಬಟ್ಟೆಯ ಚೀಲ ಇಡಿ: ಆರು ಪ್ಯಾಡು, ಎರಡು ಒಳಚಡ್ಡಿ, ಸುತ್ತಿ ಹಾಕಲು ನಾಲ್ಕು ಹಳೆಯ ಪೇಪರು, ಒಂದು ಚಿಕ್ಕ ಸೋಪು. ಬೇಸಿಗೆ ರಜೆಯಲ್ಲೇ ಮನೆಯಲ್ಲಿ ಒಮ್ಮೆ ಪ್ಯಾಡು ಅಂಟಿಸಿ ತೋರಿಸಿ. ಅಂಟು ಇರುವ ಬದಿ ಬಟ್ಟೆಗೆ, ಮೈಗಲ್ಲ. ಇದನ್ನೂ ಹೇಳಬೇಕಾ ಅನ್ನಬೇಡಿ, ಯಾರೂ ಹೇಳದಿದ್ದರೆ ತಿರುಗಾ ಮುರುಗಾ ಆಗುತ್ತದೆ.

ಗಂಡುಮಕ್ಕಳ ಮಾತಿಗೆ ಬರೋಣ. ಅವರಿಗೆ ಗುಡ್ಲೂ ಇಲ್ಲ, ಆರತಿಯೂ ಇಲ್ಲ, ಚಿಗಳಿಯೂ ಇಲ್ಲ. ಅವರ ಮೈಯಲ್ಲಿ ಏನಾಗುತ್ತಿದೆ ಎಂದು ಕೇಳುವವರೂ ಇಲ್ಲ. ಒಂಬತ್ತರಿಂದ ಹದಿನಾಲ್ಕರ ನಡುವೆ ವೃಷಣಗಳು ದಪ್ಪವಾಗುವುದು ಮೊದಲ ಗುರುತು. ಮೀಸೆಯೂ ದನಿ ಒಡೆಯುವುದೂ ಎಷ್ಟೋ ಆಮೇಲೆ. ಹದಿಮೂರರ ಆಸುಪಾಸಿನಲ್ಲಿ ನಿದ್ದೆಯಲ್ಲಿ ವೀರ್ಯ ಹೋಗುತ್ತದೆ. ಹುಡುಗ ಅದನ್ನು ಹಾಸಿಗೆಯಲ್ಲಿ ಮೂತ್ರ ಹೋಯಿತು ಅಂದುಕೊಳ್ಳಬಹುದು, ರೋಗ ಅಂದುಕೊಳ್ಳಬಹುದು. ಬಸ್‌ಸ್ಟ್ಯಾಂಡಿನ ಗೋಡೆಗೆ ಅಂಟಿಸಿದ "ಗುಪ್ತರೋಗ ತಜ್ಞ"ರ ಚೀಟಿ ಓದಿ, ಒಂದು ಹನಿ ವೀರ್ಯಕ್ಕೆ ಇಷ್ಟು ಹನಿ ರಕ್ತ ಎಂಬ ಸುಳ್ಳು ನಂಬಿ, ದುಡ್ಡೂ ನೆಮ್ಮದಿಯೂ ಕಳೆದುಕೊಳ್ಳುವ ಹುಡುಗರಿದ್ದಾರೆ. ವೀರ್ಯ ಹೋಗುವುದರಿಂದ ಶಕ್ತಿ ಕುಂದುವುದಿಲ್ಲ, ಕಣ್ಣು ಮಂಜಾಗುವುದಿಲ್ಲ, ಮುಂದೆ ಮಕ್ಕಳಾಗುವುದಕ್ಕೆ ಅಡ್ಡಿಯಿಲ್ಲ. ಸುಮಾರು ಅರ್ಧದಷ್ಟು ಹುಡುಗರಿಗೆ ಈ ವಯಸ್ಸಿನಲ್ಲಿ ಎದೆ ಸ್ವಲ್ಪ ಉಬ್ಬುತ್ತದೆ. ಒಂದೆರಡು ವರ್ಷದಲ್ಲಿ ತಾನಾಗೇ ಇಳಿಯುತ್ತದೆ. ಆಟದ ಬಯಲಿನಲ್ಲಿ ಷರಟು ಬಿಚ್ಚಲು ಒಪ್ಪದ ಹುಡುಗನ ಮನಸ್ಸಿನಲ್ಲಿ ಏನಿದೆ ಎಂದು ಅಪ್ಪನಿಗೆ ಹೊಳೆಯಬೇಕು.

ನಾಚಿಕೆ ಜೀವಕ್ಕಲ್ಲದಿದ್ದರೂ ಅಂಗಕ್ಕೆ ಕುತ್ತು ತರುವ ಒಂದು ಸಂದರ್ಭ ಇದೆ, ಇದನ್ನು ಇಲ್ಲಿರುವ ಪ್ರತಿಯೊಬ್ಬ ಅಪ್ಪನೂ ಇವತ್ತು ರಾತ್ರಿಯೇ ಮಗನಿಗೆ ಹೇಳಬೇಕು. ಹನ್ನೆರಡರಿಂದ ಹದಿನೆಂಟರ ಹುಡುಗರಲ್ಲಿ ಕೆಲವೊಮ್ಮೆ ವೃಷಣ ತನ್ನ ನಾಳದ ಮೇಲೆ ತಾನೇ ತಿರುಚಿಕೊಳ್ಳುತ್ತದೆ. ಏಟು ಬಿದ್ದಿರಬೇಕಾಗಿಲ್ಲ, ನಿದ್ದೆಯಲ್ಲೂ ಆಗಬಹುದು. ಒಮ್ಮೆಲೇ ಒಂದು ಬದಿಯಲ್ಲಿ ಭಯಂಕರ ನೋವು, ವಾಂತಿ, ಆ ಬದಿಯ ವೃಷಣ ಮೇಲಕ್ಕೆ ಎಳೆದಂತೆ ಕಾಣುವುದು. ರಕ್ತ ಓಡಾಟ ನಿಂತಿರುವುದರಿಂದ ಆರು ಗಂಟೆಯೊಳಗೆ ಆಪರೇಷನ್ ಆದರೆ ಬಹುಪಾಲು ಉಳಿಯುತ್ತದೆ. ಹನ್ನೆರಡು ಗಂಟೆ ದಾಟಿದರೆ ಉಳಿಯುವ ಆಸೆ ಕಡಿಮೆ, ಒಂದು ದಿನ ಕಳೆದರೆ ಹೆಚ್ಚಿನ ಪಾಲು ತೆಗೆದುಹಾಕಬೇಕಾಗುತ್ತದೆ. ಈಗ ಯೋಚಿಸಿ. ಆ ಜಾಗದ ಹೆಸರು ಹೇಳಲು ನಾಚುವ ಹುಡುಗ "ಹೊಟ್ಟೆನೋವು" ಅನ್ನುತ್ತಾನೆ. ಅಮ್ಮ ಓಂಕಾಳು ಕಷಾಯ ಕೊಡುತ್ತಾಳೆ. ಬೆಳಗಾಗುತ್ತದೆ. ಮೂಡಿಗೆರೆ ಕಡೆಯ ತೋಟದಿಂದ ಚಿಕ್ಕಮಗಳೂರಿಗೋ, ಸಕಲೇಶಪುರದ ಆಚೆಯ ಹಳ್ಳಿಯಿಂದ ಹಾಸನಕ್ಕೋ ಬರುವ ಹೊತ್ತಿಗೆ ಆ ಆರು ಗಂಟೆ ದಾರಿಯಲ್ಲೇ ಕರಗಿರುತ್ತದೆ. ಮಗನಿಗೆ "ವೃಷಣ" ಎನ್ನಿ, "ಬೀಜ" ಎನ್ನಿ, ಮನೆಯ ಮಾತು ಯಾವುದೋ ಅದನ್ನೇ ಅನ್ನಿ. "ಅಲ್ಲಿ ಜೋರಾಗಿ ನೋವು ಬಂದ್ರೆ ನಡುರಾತ್ರಿಯಾದ್ರೂ ನನ್ನ ಎಬ್ಬಿಸು ಮಗಾ" ಎಂಬ ಒಂದು ಮಾತಿಗೆ ಅರ್ಧ ನಿಮಿಷ ಸಾಕು.

ಎಲ್ಲಿ ಕೂತು ಹೇಳುವುದು ಎನ್ನುವುದೂ ಮುಖ್ಯ. ಎದುರಾಬದುರಾ ಕೂರಿಸಿಕೊಂಡು ಬಾಗಿಲು ಹಾಕಿ "ನಿನ್ನ ಹತ್ರ ಒಂದು ವಿಷಯ ಮಾತಾಡ್ಬೇಕು" ಎಂದರೆ ಮಗು ತಾನೇನೋ ತಪ್ಪು ಮಾಡಿದೆ ಅಂದುಕೊಳ್ಳುತ್ತದೆ. ಪಕ್ಕಪಕ್ಕದಲ್ಲಿ ಕೂತು, ಕೈಗೆ ಕೆಲಸ ಇದ್ದಾಗ ಮಾತು ಸಲೀಸು. ಅವರೆಕಾಯಿ ಸುಲಿಯುವಾಗ, ಬಟ್ಟೆ ಮಡಿಸುವಾಗ, ಬೈಕಿನಲ್ಲಿ ತೋಟಕ್ಕೆ ಹೋಗುವಾಗ. ಹತ್ತು ನಿಮಿಷ ಮೀರಬೇಡಿ. ಮಗು ಏನಾದರೂ ಕೇಳಿದರೆ ಮೊದಲು "ನಿನಗೇನು ಗೊತ್ತು, ಎಲ್ಲಿ ಕೇಳಿದೆ?" ಅನ್ನಿ, ಪೊಲೀಸರ ದನಿಯಲ್ಲಿ ಅಲ್ಲ. ಆಮೇಲೆ ಎರಡು ವಾಕ್ಯದ ಉತ್ತರ. "ಇನ್ನೇನಾದ್ರೂ ಕೇಳ್ಬೇಕಾ?" ಎಂದು ಕೇಳಿ ಬಿಟ್ಟುಬಿಡಿ. ಒಂದೇ ಸಲ ಎಲ್ಲವನ್ನೂ ಸುರಿದು ಕೈ ತೊಳೆದುಕೊಳ್ಳುವುದು ಹಲವರು ಮಾಡುವ ತಪ್ಪು. ನಕ್ಕುಬಿಡುವುದು ಅದಕ್ಕಿಂತ ದೊಡ್ಡ ತಪ್ಪು, ಒಮ್ಮೆ ನಕ್ಕರೆ ಆ ಮಗು ಇನ್ನೊಮ್ಮೆ ನಿಮ್ಮನ್ನು ಕೇಳುವುದಿಲ್ಲ. ಉತ್ತರ ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ, ಕೇಳಿ ಹೇಳ್ತೀನಿ" ಎಂದು, ಎರಡು ದಿನದಲ್ಲಿ ನಿಜವಾಗಿಯೂ ಹೇಳಿ.

ಚಿಕ್ಕ ಮಕ್ಕಳಿಗೆ ಕಲಿಸುವ "ಗುಡ್ ಟಚ್, ಬ್ಯಾಡ್ ಟಚ್" ಬಗ್ಗೆ ನನ್ನದೊಂದು ತಕರಾರಿದೆ. ಕೆಡುಕು ಮಾಡುವವನು ಯಾವಾಗಲೂ ನೋಯಿಸುವುದಿಲ್ಲ. ಚಾಕಲೇಟು ಕೊಡುತ್ತಾನೆ, ಮುದ್ದಿಸುತ್ತಾನೆ, ಮಗುವಿಗೆ ಅದು ಬ್ಯಾಡ್ ಅನ್ನಿಸದೇ ಇರಬಹುದು. ಆಮೇಲೆ ತನಗೆ ಕೆಟ್ಟದನ್ನಿಸಲಿಲ್ಲವಲ್ಲ ಎಂಬ ಅಪರಾಧಭಾವ ಮಗುವನ್ನೇ ಕಾಡುತ್ತದೆ. ಅದಕ್ಕಿಂತ ಜಾಗದ ನಿಯಮ, ಗುಟ್ಟಿನ ನಿಯಮ ಗಟ್ಟಿ: "ಚಡ್ಡಿ ಮುಚ್ಚುವ ಜಾಗವನ್ನು ಯಾರೂ ಮುಟ್ಟಬಾರದು, ನೋಡಬಾರದು, ತಮ್ಮದನ್ನು ಮುಟ್ಟು ಅನ್ನಬಾರದು. ಮಾವನೇ ಆಗಲಿ, ಮೇಷ್ಟ್ರೇ ಆಗಲಿ. ಸ್ನಾನ ಮಾಡಿಸುವಾಗ ಅಮ್ಮ, ಅಮ್ಮ ಪಕ್ಕದಲ್ಲಿದ್ದಾಗ ಡಾಕ್ಟ್ರು, ಅಷ್ಟೆ. ಯಾರಾದ್ರೂ ಅಮ್ಮನಿಗೆ ಹೇಳಬೇಡ ಅಂದ್ರೆ ಅದನ್ನೇ ಮೊದಲು ಹೇಳು." ಹೆಚ್ಚಿನ ಪ್ರಕರಣಗಳಲ್ಲಿ ಕೆಡುಕು ಮಾಡಿದವರು ಮಗುವಿಗೆ ಪರಿಚಿತರೇ. ಗಂಡುಮಗುವಿಗೂ ಇದೇ ಪಾಠ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ 13 ರಾಜ್ಯಗಳ ಅಧ್ಯಯನದಲ್ಲಿ 12,447 ಮಕ್ಕಳನ್ನು ಮಾತಾಡಿಸಿದ್ದರು. ಅರ್ಧಕ್ಕಿಂತ ಹೆಚ್ಚು ಮಕ್ಕಳು ಯಾವುದಾದರೊಂದು ಬಗೆಯ ಲೈಂಗಿಕ ಕಿರುಕುಳ ಆಗಿದೆ ಎಂದಿದ್ದರು. ಅವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಗಂಡುಮಕ್ಕಳು.

ಮಗು ಹೇಳಿತು ಅಂದುಕೊಳ್ಳಿ. ನಿಮ್ಮ ಬಾಯಿಂದ ಬರಬೇಕಾದ ಮೊದಲ ಮಾತು "ನೀನು ಹೇಳಿದ್ದು ಒಳ್ಳೇದಾಯ್ತು, ನಿಂದೇನೂ ತಪ್ಪಿಲ್ಲ." "ನೀನ್ಯಾಕೆ ಅಲ್ಲಿಗೆ ಹೋಗಿದ್ದೆ?" ಬೇಡವೇ ಬೇಡ. ಆಗಷ್ಟೇ ನಡೆದಿದ್ದರೆ ಸ್ನಾನ ಮಾಡಿಸಬೇಡಿ. ಬಟ್ಟೆ ಒಗೆಯಬೇಡಿ, ಪ್ಲಾಸ್ಟಿಕ್ ಕವರಿಗೆ ಹಾಕಬೇಡಿ, ಪೇಪರಿನಲ್ಲಿ ಸುತ್ತಿಡಿ. ಪ್ಲಾಸ್ಟಿಕ್ಕಿನಲ್ಲಿ ತೇವ ಹಿಡಿದು ಸಾಕ್ಷ್ಯ ಹಾಳಾಗುತ್ತದೆ. ನೇರವಾಗಿ ಆಸ್ಪತ್ರೆಗೆ ಹೋಗಿ, ಸರ್ಕಾರಿಯಾದರೂ ಖಾಸಗಿಯಾದರೂ ಉಚಿತವಾಗಿ ಚಿಕಿತ್ಸೆ ಕೊಡಲೇಬೇಕು ಎಂದು ಕಾನೂನಿದೆ. ಎಚ್‌ಐವಿ ತಡೆಯುವ ಔಷಧಿಯನ್ನು 72 ಗಂಟೆಯೊಳಗೆ ಶುರುಮಾಡಿ 28 ದಿನ ಕೊಡಬೇಕು, ಗರ್ಭ ತಡೆಯುವ ತುರ್ತು ಮಾತ್ರೆಗೂ 72 ಗಂಟೆ, ಬೇಗ ಕೊಟ್ಟಷ್ಟೂ ಒಳ್ಳೆಯದು. ಮಕ್ಕಳ ಸಹಾಯವಾಣಿ 1098ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಗುವಿನ ಹೇಳಿಕೆಯನ್ನು ಮನೆಯಲ್ಲೇ ಅಥವಾ ಮಗು ಬಯಸಿದ ಕಡೆ ಪಡೆಯಬೇಕು, ಪೊಲೀಸರು ಸಮವಸ್ತ್ರದಲ್ಲಿ ಇರಬಾರದು, ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳಬಾರದು. ಹೆಣ್ಣುಮಗುವನ್ನು ಪರೀಕ್ಷಿಸುವವರು ಮಹಿಳಾ ವೈದ್ಯರೇ ಆಗಿರಬೇಕು. ಗೊತ್ತಿದ್ದೂ ದೂರು ಕೊಡದೆ "ಮನೆ ಮರ್ಯಾದೆ" ಎಂದು ಮುಚ್ಚಿಟ್ಟರೆ ಆರು ತಿಂಗಳವರೆಗೆ ಜೈಲು ಆಗಬಹುದು. ಊರ ಹಿರಿಯರು ಕೂತು ರಾಜಿ ಮಾಡಿಸುವ ವಿಷಯ ಇದಲ್ಲ.

ಹದಿಹರೆಯದ ಪ್ರೀತಿಯ ಬಗ್ಗೆ ಹೇಳಲೇಬೇಕಾದ್ದು ಕಾನೂನಿನ ಲೆಕ್ಕ. ಹುಡುಗಿಗೆ ಹದಿನೇಳು, ಹುಡುಗನಿಗೆ ಹತ್ತೊಂಬತ್ತು, ಇಬ್ಬರೂ ಒಪ್ಪಿಯೇ ಓಡಿಹೋದರು ಅನ್ನಿ. ಹದಿನೆಂಟರ ಕೆಳಗಿನವರ ಒಪ್ಪಿಗೆ ಪೋಕ್ಸೊ ಕಾಯ್ದೆಯಲ್ಲಿ ಲೆಕ್ಕಕ್ಕೇ ಇಲ್ಲ. ಲೈಂಗಿಕ ಸಂಬಂಧ ನಡೆದಿದ್ದರೆ ಹುಡುಗನಿಗೆ ಕನಿಷ್ಠ ಹತ್ತು ವರ್ಷ, ಹುಡುಗಿ ಹದಿನಾರಕ್ಕಿಂತ ಚಿಕ್ಕವಳಾದರೆ ಕನಿಷ್ಠ ಇಪ್ಪತ್ತು. ಗಂಡುಮಕ್ಕಳ ತಂದೆ-ತಾಯಿ ಇದನ್ನು ಪಿಯುಸಿಗೆ ಸೇರಿಸುವ ಮೊದಲೇ ಬಿಡಿಸಿ ಹೇಳಬೇಕು. "ಮದುವೆ ಮಾಡಿ ಮುಗಿಸಿಬಿಡೋಣ" ಎನ್ನುವುದೂ ದಾರಿಯಲ್ಲ: ಹೆಣ್ಣಿಗೆ 18, ಗಂಡಿಗೆ 21 ತುಂಬದ ಮದುವೆ ಅಪರಾಧ, ಕರ್ನಾಟಕದ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಮುಟ್ಟು ನಿಂತಿದೆ ಎಂದು ಮಗಳು ಹೇಳಿದರೆ, ಅಥವಾ ನಿಮಗೇ ಅನುಮಾನ ಬಂದರೆ, ತಡ ಮಾಡಬೇಡಿ. ಅಂಗಡಿಯ ಮಾತ್ರೆ ನುಂಗಿಸಿ ಮನೆಯಲ್ಲೇ ರಕ್ತ ಹರಿಸಿ ಜೀವಕ್ಕೆ ಕುತ್ತು ತಂದುಕೊಳ್ಳುವುದು ನಡೆಯುತ್ತದೆ. ಕಾನೂನಿನಲ್ಲಿ 20 ವಾರದವರೆಗೆ ಒಬ್ಬ ವೈದ್ಯರ, ಅಪ್ರಾಪ್ತರಿಗೆ 24 ವಾರದವರೆಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ ಗರ್ಭಪಾತಕ್ಕೆ ಅವಕಾಶ ಇದೆ, ಪೋಷಕರ ಲಿಖಿತ ಒಪ್ಪಿಗೆ ಬೇಕು. ವೈದ್ಯರು ಪೊಲೀಸರಿಗೆ ವರದಿ ಕೊಡುವಾಗ, ಹುಡುಗಿ ಮತ್ತು ಪೋಷಕರು ಕೋರಿದರೆ ಅವಳ ಹೆಸರು ವಿವರ ಬರೆಯಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್‌ನಲ್ಲಿ ಹೇಳಿದೆ. ಹೆಸರು ಕೆಡುತ್ತದೆ ಎಂಬ ಭಯದಿಂದ ವಾರಗಳನ್ನು ಕಳೆಯಬಾರದು ಎಂದು ಇಷ್ಟು ವಿವರ ಹೇಳುತ್ತಿದ್ದೇನೆ.

ಮೊಬೈಲಿನ ಮಾತು ಹಾಸನದವರಿಗೆ ಬೇರೆಯೇ ರೀತಿಯಲ್ಲಿ ತಟ್ಟಿದೆ. 2024ರ ಲೋಕಸಭಾ ಚುನಾವಣೆಯ ಹೊತ್ತಿಗೆ ಇದೇ ಜಿಲ್ಲೆಯಲ್ಲಿ ಪೆನ್‌ಡ್ರೈವ್‌ಗಳು ಹಂಚಿಕೆಯಾದವು. ದೌರ್ಜನ್ಯಕ್ಕೆ ಒಳಗಾದ ಹೆಣ್ಣುಮಕ್ಕಳ ಮುಖ ಮುಚ್ಚದ ವಿಡಿಯೊಗಳು ಮೊಬೈಲಿನಿಂದ ಮೊಬೈಲಿಗೆ ಹರಿದವು. ಮನೆಯ ಮಕ್ಕಳಿಗೂ ಸುದ್ದಿ ತಲುಪಿತು. ಆಗ ಟಿವಿ ಆರಿಸಿದವರು ಈಗಲಾದರೂ ಮಾತಾಡಬೇಕು: ಆ ಹೆಂಗಸರು ತಪ್ಪು ಮಾಡಿದವರಲ್ಲ, ಅಂಥದ್ದನ್ನು ನೋಡುವುದು ಅವರಿಗೆ ಮತ್ತೊಮ್ಮೆ ಅನ್ಯಾಯ ಮಾಡಿದಂತೆ, ಮುಂದಕ್ಕೆ ಕಳಿಸುವುದು ಅಪರಾಧ. ಮಕ್ಕಳ ಅಶ್ಲೀಲ ವಿಡಿಯೊವನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳುವುದೂ ಶಿಕ್ಷಾರ್ಹ ಎಂದು ಸುಪ್ರೀಂ ಕೋರ್ಟ್ ಅದೇ ವರ್ಷದ ಸೆಪ್ಟೆಂಬರ್ 23ರಂದು ಸ್ಪಷ್ಟಪಡಿಸಿತು. ಅದೇ ತೀರ್ಪಿನಲ್ಲಿ ಲೈಂಗಿಕ ಶಿಕ್ಷಣದ ಅಗತ್ಯವನ್ನೂ ಒತ್ತಿ ಹೇಳಿತು. ನಿಮ್ಮ ಮಗಳ ಫೋಟೊ ತಿರುಚಿ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ, ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾರೆ. ಹೆದರಿ ಅಳಿಸಿಹಾಕಬೇಡಿ, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ. ಅವಳ ಮೊಬೈಲ್ ಕಿತ್ತುಕೊಂಡು ಕಾಲೇಜು ಬಿಡಿಸಿದರೆ, ಮುಂದಿನ ಸಲ ಅವಳು ನಿಮಗೆ ಹೇಳುವುದೇ ಇಲ್ಲ.

ನಿಮ್ಮಿಂದ ಆಗಲೇ ಇಲ್ಲ ಅನ್ನಿಸಿದರೆ ಸರ್ಕಾರಿ ಆಸ್ಪತ್ರೆಗಳ ಸ್ನೇಹ ಕ್ಲಿನಿಕ್ ಇದೆ. 10ರಿಂದ 19 ವರ್ಷದವರಿಗೆಂದೇ ಇರುವುದು, ಆಪ್ತಸಮಾಲೋಚಕರು ಮಾತಾಡುತ್ತಾರೆ. ಮಗುವನ್ನು ಕರೆದುಕೊಂಡು ಹೋಗಿ, ಹೊರಗೆ ಬೆಂಚಿನ ಮೇಲೆ ಕೂತಿರಿ, ಒಳಗೆ ಏನು ಮಾತಾಡಿದೆ ಎಂದು ವಾಪಸ್ ಬರುವಾಗ ಕೇಳಬೇಡಿ.

ಕೊನೆಗೆ ಚೀಟಿಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಕೊಟ್ಟಿದೆ.

ಐದು ವರ್ಷದ ಮಗು "ನಾನು ಎಲ್ಲಿಂದ ಬಂದೆ" ಎಂದು ಕೇಳಿದರೆ? "ಅಮ್ಮನ ಹೊಟ್ಟೆಯೊಳಗೆ ಗರ್ಭಕೋಶ ಅಂತ ಇದೆ, ಅಲ್ಲಿ ಬೆಳೆದೆ" ಎಂದರೆ ಸಾಕು. ಹೊರಗೆ ಹೇಗೆ ಬಂದೆ ಎಂದರೆ "ಮಗು ಬರುವುದಕ್ಕೆ ಕೆಳಗೆ ಒಂದು ದಾರಿ ಇದೆ" ಅಥವಾ "ಡಾಕ್ಟ್ರು ಹೊಟ್ಟೆ ಕೊಯ್ದು ತೆಗೆದರು", ನಿಮ್ಮ ವಿಷಯದಲ್ಲಿ ಯಾವುದು ನಿಜವೋ ಅದು. ಆಸ್ಪತ್ರೆಯಿಂದ ತಂದೆವು, ಕೆರೆ ಏರಿ ಮೇಲೆ ಸಿಕ್ಕಿದೆ ಎಂಬ ಕಥೆ ಬೇಡ.

ಯಜಮಾನರು ತೀರಿಕೊಂಡಿದ್ದಾರೆ, ಹದಿಮೂರು ವರ್ಷದ ಮಗನಿಗೆ ಅಮ್ಮನಾಗಿ ನಾನು ಹೇಗೆ ಹೇಳಲಿ? ನಂಬಿಕೆಯ ಸೋದರಮಾವನೋ ಚಿಕ್ಕಪ್ಪನೋ ಇದ್ದರೆ ಅವರಿಂದ ಹೇಳಿಸಬಹುದು. ಆದರೆ ನೀವೇ ಹೇಳಬಾರದು ಎಂದೇನೂ ಇಲ್ಲ ಅಮ್ಮ. ಬಟ್ಟೆ ಮಡಿಸುತ್ತಾ ಅವನ ಮುಖ ನೋಡದೆ ಹೇಳಿ: "ನಿದ್ದೇಲಿ ಚಡ್ಡಿ ಒದ್ದೆಯಾಗುತ್ತೆ, ಈ ವಯಸ್ಸಿಗೆ ಬಹಳಷ್ಟು ಹುಡುಗರಿಗೆ ಆಗುತ್ತೆ, ಅದು ಉಚ್ಚೆಯೂ ಅಲ್ಲ ರೋಗವೂ ಅಲ್ಲ. ಬೆಡ್‌ಶೀಟ್ ತೆಗೆದು ಬಕೆಟ್ಟಿಗೆ ಹಾಕು, ನಾನೇನೂ ಕೇಳಲ್ಲ." ಆಮೇಲೆ ಸೋಪಿನ ಪುಡಿ ಎಲ್ಲಿದೆ ಎಂದು ತೋರಿಸಿಕೊಡಿ.